ಪಿಟೀಲಿನ ಚಿತ್ರಕ್ಕೆ ದೊಡ್ಡ ಹಾಳೆ ಕೊಡಿ

ಸಂಪಾದಕರೇ,

ಈಗ ಎಷ್ಟೋ ಮಕ್ಕಳು ಫೋನಿನಲ್ಲಿ ಫೋಟೊ ನೋಡಿಕೊಂಡು ಎ4 ಹಾಳೆಯಲ್ಲಿ ಪಿಟೀಲಿನ ಚಿತ್ರ ಬರೆಯುತ್ತಾರೆ. ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಎಲ್ಲರದೂ ಒಂದೇ ಥರ: ಮೇಲೆ ಕೆಳಗೆ ಉಬ್ಬು, ನಡುವೆ ಸೊಂಟ, ತುದಿಗೊಂದು ಕೋಲು. ಅದು ಕಂಡದ್ದಲ್ಲ, ಮೊದಲೇ ಗೊತ್ತಿದ್ದದ್ದು ಅಷ್ಟೆ.

ನಾನೂ ಹಾಗೇ ಬರೆಯುತ್ತಿದ್ದವನು. ಒಂದು ದಿನ ನಿಜವಾದ ಪಿಟೀಲನ್ನೇ ಕುರ್ಚಿಗೆ ಒರಗಿಸಿಟ್ಟು, ಗೋಡೆಗೆ ಎ1 ಹಾಳೆ ಅಂಟಿಸಿ, ಇದ್ದಿಲು ಹಿಡಿದು ನಿಂತೆ. ಎ1 ಅಂದರೆ 594 × 841 ಮಿ.ಮೀ., ಎ4ರ ಎಂಟು ಪಟ್ಟು. ಪಿಟೀಲಿನ ಉದ್ದ ಸುಮಾರು 60 ಸೆಂ.ಮೀ., ಹಾಗಾಗಿ ಇರುವುದಕ್ಕಿಂತ ದೊಡ್ಡದಾಗಿಯೇ ಬರೆಯಬಹುದು. ಸಣ್ಣ ಹಾಳೆಯಲ್ಲಿ ನಾಲ್ಕು ತಂತಿ ಸೇರಿ ಒಂದು ಕಪ್ಪು ಪಟ್ಟಿಯಾಗಿಬಿಡುತ್ತವೆ, ಇಲ್ಲಿ ಹಾಗೆ ತಪ್ಪಿಸಿಕೊಳ್ಳೋಕೆ ಆಗಲ್ಲ. ತಂತಿಗಳು ಸಮಾನಾಂತರವೇ ಅಲ್ಲ! ತಂತಿ ಬಿಗಿಯುವ ಬಿರಡೆಗಳ ಕಡೆ ಹತ್ತಿರ ಹತ್ತಿರ, ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಣುಕಿನ ಮೇಲೆ, ದೂರ ದೂರ. ಕುದುರೆಯ ತಲೆ ಕಮಾನಿನಂತೆ ಬಾಗಿದೆ, ಇಲ್ಲದಿದ್ದರೆ ಒಂದೊಂದೇ ತಂತಿ ನುಡಿಸುವುದು ಹೇಗೆ? ಪಿಟೀಲಿನ ಹೊಟ್ಟೆ ಉಬ್ಬಿರುವುದರಿಂದ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದರೆ ಕುದುರೆಯ ಎರಡು ಬದಿಗಿರುವ ಉದ್ದನೆಯ ರಂಧ್ರಗಳಲ್ಲಿ ಒಂದು ಅಗಲ, ಇನ್ನೊಂದು ತೆಳ್ಳಗೆ ಕಾಣುತ್ತದೆ, ಆದರೆ ನಾವು ಎರಡನ್ನೂ ಕನ್ನಡಿಯಲ್ಲಿಟ್ಟ ಹಾಗೆ ಒಂದೇ ಅಳತೆಗೆ ಬರೆದು ಕೈತೊಳೆದುಕೊಳ್ಳುತ್ತೇವೆ. ನನಗೆ ಜಾಸ್ತಿ ಆಶ್ಚರ್ಯವಾದದ್ದು ಬೆರಳೂರುವ ಕಪ್ಪು ಹಲಗೆ. ಅದರ ಕೆಳತುದಿ ಒಡಲಿಗೆ ಅಂಟಿಯೇ ಇಲ್ಲ, ಮೇಲೆ ತೇಲುತ್ತದೆ. ಹಲಗೆಯನ್ನು ಬಿಟ್ಟು ಆ ಸಂದಿಯ ನೆರಳನ್ನು ಮೊದಲು ಬರೆದಾಗಲೇ ಹಲಗೆ ಸರಿಯಾಗಿ ಎದ್ದು ನಿಂತದ್ದು.

ತುದಿಯ ಸುರುಳಿ ಮಾತ್ರ ಇವತ್ತಿಗೂ ನನಗೆ ಒಗ್ಗಿಲ್ಲ.

ಅಳತೆಗೆ ಪೆನ್ಸಿಲ್ ಸಾಕು. ಅದನ್ನು ಹಿಡಿದು, ಒಂದು ಕಣ್ಣು ಮುಚ್ಚಿ, ಕೈ ಪೂರ್ತಿ ಚಾಚಿ ವಾದ್ಯದ ಭಾಗಗಳನ್ನು ಪೆನ್ಸಿಲಿನ ಮೇಲೆ ಅಳೆಯಬೇಕು, ಮೊಣಕೈ ಮಡಿಸಿದರೆ ಲೆಕ್ಕ ಕೆಟ್ಟಿತು. ಗೆರೆ ಮಣಿಕಟ್ಟಿನಿಂದಲ್ಲ, ಭುಜದಿಂದ ಬರಬೇಕು. ತಪ್ಪಿದ ಗೆರೆಯನ್ನು ತಕ್ಷಣ ಅಳಿಸಬಾರದು, ಎಷ್ಟು ತಪ್ಪಿತು ಅಂತ ತೋರಿಸುವುದೇ ಅದು. ಚಿಕ್ಕವನಿದ್ದಾಗ ಇಂಥ ಗೆರೆಗಳನ್ನು ನೋಡಿ ಮೇಷ್ಟ್ರೊಬ್ಬರು 'ಗಲೀಜು' ಅಂತ ಅಂಕ ಕತ್ತರಿಸಿದ್ದರು, ಆಮೇಲೆ ನಾನು ತುಂಬಾ ದಿನ ರಬ್ಬರಿನಲ್ಲೇ ಚಿತ್ರ ಬರೆದೆ ಅನ್ನಬೇಕು.

ಮೇಷ್ಟ್ರುಗಳೇ, ಅಂಕ ಕತ್ತರಿಸಬೇಡಿ. ದುಬಾರಿ ಹಾಳೆಯೂ ಬೇಕಿಲ್ಲ, ಸಾಮಾನು ಸುತ್ತುವ ಕಂದು ಕಾಗದದ ಮೇಲೆ ಇದ್ದಿಲು ಚೆನ್ನಾಗಿಯೇ ಹಿಡಿಯುತ್ತದೆ. ವಾದ್ಯ ಮಾತ್ರ ಎದುರಿಗೇ ಇರಲಿ. ಸಂಪಾದಕರೇ, ಮಕ್ಕಳ ಪುಟದಲ್ಲಿ ಒಮ್ಮೆ ಇಂಥ ಮಸಿ ಮೆತ್ತಿದ, ತಪ್ಪು ಗೆರೆಗಳಿರುವ ಚಿತ್ರವನ್ನೂ ಹಾಕಿ, ಆಗಬಹುದಲ್ವಾ?

— ಒಬ್ಬ ಓದುಗ