ನೇಣಿನ ಭಯಕ್ಕೆ ಕಳ್ಳತನ ನಿಂತಿರಲಿಲ್ಲ

ಮಾನ್ಯ ಸಂಪಾದಕರೇ,

ಘೋರ ಅಪರಾಧದ ಸುದ್ದಿ ಬಂದಾಗಲೆಲ್ಲ ‘ನಡುಬೀದಿಯಲ್ಲಿ ನೇಣಿಗೆ ಹಾಕಿ’ ಎಂಬ ಕೂಗು ಏಳುತ್ತದೆ. ಆ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಜಗತ್ತು ಇದನ್ನೆಲ್ಲ ಮಾಡಿ ನೋಡಿಯಾಗಿದೆ.

18ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸುಮಾರು 200 ಅಪರಾಧಗಳಿಗೆ ಮರಣದಂಡನೆ ಇತ್ತು. ಮನೆಯೊಳಗಿಂದ 40 ಶಿಲಿಂಗ್ ಬೆಲೆಯ ವಸ್ತು ಕದ್ದರೂ ನೇಣು. ಆಗ ಜ್ಯೂರಿಯವರು, ಅಂದರೆ ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸಲು ಪ್ರಮಾಣ ಮಾಡಿ ಕೂರುವ ನಾಗರಿಕರು, ಎಷ್ಟೋ ಸಲ ಏನು ಮಾಡುತ್ತಿದ್ದರು ಗೊತ್ತೇ? ಮಾಲು ಎಷ್ಟೇ ಬೆಲೆಬಾಳಲಿ, ಅದು 39 ಶಿಲಿಂಗಿನದು ಎಂದು ತೀರ್ಮಾನಿಸಿಬಿಡುತ್ತಿದ್ದರು. ಒಂದು ಶಿಲಿಂಗ್ ಕಡಿಮೆಯಾಯಿತು, ಒಂದು ಜೀವ ಉಳಿಯಿತು! ಶಿಕ್ಷೆ ಅತಿಯಾದಾಗ ಪ್ರಮಾಣ ಮಾಡಿ ಕೂತವರೇ ಕಾನೂನಿನಿಂದ ನುಣುಚಿಕೊಳ್ಳುವ ದಾರಿ ಹುಡುಕಿದರು. ಇನ್ನು ನೇಣು ನೋಡಲು ನೆರೆದ ಜನಜಂಗುಳಿಯಲ್ಲೇ ಜೇಬುಗಳ್ಳರು ಕೈಚಳಕ ತೋರುತ್ತಿದ್ದರು. 1868ರಲ್ಲಿ ಅಲ್ಲಿ ಬಹಿರಂಗ ನೇಣು ನಿಂತಿತು.

ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಶಿಕ್ಷೆ ತಪ್ಪದೆಂಬ ಖಾತ್ರಿ ಎಂದು ಇಟಲಿಯ ಚಿಂತಕ ಚೆಸಾರೆ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದರು. 1786ರಲ್ಲಿ ಇಟಲಿಯ ಟಸ್ಕನಿ ರಾಜ್ಯ ಮರಣದಂಡನೆಯನ್ನೇ ರದ್ದುಪಡಿಸಿತು. ನೇಣಿನ ಬದಲು ಬಂದ ಸೆರೆಮನೆ ದಯೆಯ ಮನೆಯೇನೂ ಆಗಿರಲಿಲ್ಲ, ಆ ಮಾತು ಬೇರೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1829ರಲ್ಲಿ ಶುರುವಾದ ಸೆರೆಮನೆಯಲ್ಲಿ ಪಶ್ಚಾತ್ತಾಪದ ಹೆಸರಿನಲ್ಲಿ ಕೈದಿಗಳನ್ನು ಒಂಟಿಕೋಣೆಗೆ ತಳ್ಳಿ, ಹೊರಗೆ ಕರೆದೊಯ್ಯುವಾಗ ಮುಖಕ್ಕೆ ಮುಸುಕು ಹಾಕುತ್ತಿದ್ದರು.

ನೊಂದವರಿಗೆ ನ್ಯಾಯ ಬೇಕೆಂದು ಕೂಗುವವರು, ತನಿಖೆ ಏಕೆ ಹಳ್ಳ ಹಿಡಿಯುತ್ತದೆ, ವಿಚಾರಣೆ ಏಕೆ ವರ್ಷಗಟ್ಟಲೆ ಎಳೆಯುತ್ತದೆ ಎಂದೂ ಅಷ್ಟೇ ಜೋರಾಗಿ ಕೇಳಬೇಕೆಂದು ನನ್ನ ಕಳಕಳಿಯ ವಿನಂತಿ.

– ಓರ್ವ ಓದುಗ