ಸುಗ್ಗಿಯಲ್ಲೂ ದೇವರ ನೆನಪಿರಲಿ

ಸಂಪಾದಕರೇ,

2023ರಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತ್ತು. ಮಂಡ್ಯ ಕಡೆಯ ನಾವೆಲ್ಲ ಮಳೆಗಾಗಿ ದೇವರಿಗೆ ಮೊರೆಯಿಟ್ಟೆವು. ಮರುವರ್ಷ ಜುಲೈನಲ್ಲೇ ಕೆಆರ್‌ಎಸ್ 124.80 ಅಡಿ ತುಂಬಿತು. ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಅರ್ಪಿಸಿದರು. ಸರ್ಕಾರದ್ದಾಯಿತು, ನಮ್ಮದು? ಕಷ್ಟದಲ್ಲಿ ಹೊತ್ತ ಹರಕೆ ಬೆಳೆ ಕೈಗೆ ಬಂದ ಮೇಲೆ ಮರೆತೇ ಹೋಗುತ್ತದೆ, ಅಲ್ವಾ?

ಹಿಂದೆ ರಾಶಿ ಪೂಜೆ ಮಾಡದೆ ಭತ್ತ ಅಳೆಯುತ್ತಿರಲಿಲ್ಲ. ಕಣಕ್ಕೆ ಬಂದವರಿಗೆ ಮೊರದ ತುಂಬ ಕೊಡುತ್ತಿದ್ದರು. ಕೊಟ್ಟದ್ದು ದೇವರಿಗೇ ಸೇರುತ್ತದೆ ಎಂದು ನಂಬಿದ್ದರು. ಈಗ ಯಂತ್ರ ಕೊಯ್ದ ಭತ್ತ ಗದ್ದೆಯಿಂದಲೇ ಲಾರಿ ಹತ್ತುತ್ತದೆ. ಯಂತ್ರ ಬೇಡ ಅನ್ನುತ್ತಿಲ್ಲ. ಲಾರಿ ಹೊರಡುವ ಮೊದಲು ಕೈಮುಗಿದು, ಒಂದು ಮೂಟೆ ಊರಿನ ಬಡವರ ಮನೆಗೆ ಕಳಿಸೋಣ. ದೇವಸ್ಥಾನ ಸಮಿತಿಗಳು ಈ ಸುಗ್ಗಿಯಿಂದಲೇ ಇದನ್ನು ಶುರು ಮಾಡಲಿ.

– ಓದುಗ, ಮಂಡ್ಯ