ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಸೀರಿಯಲ್‌ನವರೇ

ಮಾನ್ಯ ಸಂಪಾದಕರೇ,

ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಕೊಲೆ ಆಗಲೇಬೇಕು. ಟಿವಿಯಲ್ಲಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ನಮ್ಮತ್ತೆಗೆ 81 ವರ್ಷ. ಮಂಡಿನೋವು, ಕಿವಿ ಸ್ವಲ್ಪ ಮಂದ. ಆದರೆ ಕ್ರೈಮ್ ಸೀರಿಯಲ್ ಶುರುವಾಯಿತೋ, ಪಕ್ಕದ ಮನೆಗೂ ಕೇಳುವಷ್ಟು ವಾಲ್ಯೂಮ್ ಇಟ್ಟು ಕೂತುಬಿಡುತ್ತಾರೆ. ನಾನು 26 ವರ್ಷ ರಕ್ತ ಪರೀಕ್ಷೆ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದವಳು. ಹಾಗಾಗಿ ಅತ್ತೆಗೆ ಡಾಕ್ಟರೂ ನಾನೇ, ಪೊಲೀಸೂ ನಾನೇ. ಬ್ರೇಕ್ ಬಂದಾಗಲೆಲ್ಲ "ಹೌದೇನೇ, ನಿಜವಾಗ್ಲೂ ಹಂಗೆ ಮಾಡ್ತಾರಾ?" ಅಂತ ಕೇಳುತ್ತಾರೆ. ಅವರಿಗೆ ಹೇಳಿ ಹೇಳಿ ಸಾಕಾಗಿ ಈಗ ನಿಮಗೆ ಬರೆಯುತ್ತಿದ್ದೇನೆ.

ಡಿಎನ್‌ಎ ವರದಿ ಹತ್ತು ನಿಮಿಷಕ್ಕೆ ಬರುತ್ತೆ ಅಂತ ನನಗೇನೂ ಸಿಟ್ಟಿಲ್ಲ. ಅರ್ಧ ಗಂಟೆಯ ಕಂತಿನಲ್ಲಿ ಪಾಪ ಅವರಾದರೂ ಏನು ಮಾಡುತ್ತಾರೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ರಿಪೋರ್ಟಿಗೆ ಒಂದು ದಿನ, ಎರಡು ದಿನ ಕಾದವರು ನಾವೆಲ್ಲ. ಡಿಎನ್‌ಎ ಪರೀಕ್ಷೆಯಲ್ಲೂ ಅದೇ ಪಿಸಿಆರ್, ಅಂದರೆ ಚೂರು ಡಿಎನ್‌ಎಯ ನಕಲು ತೆಗೆದು ತೆಗೆದು ಹೆಚ್ಚಿಸುವ ಕೆಲಸ, ಇದೆ, ಆ ಒಂದು ಹಂತಕ್ಕೇ ಒಂದೆರಡು ಗಂಟೆ ಹಿಡಿಯುತ್ತೆ, ಅದರ ಹಿಂದೆ ಮುಂದೆ ಬೇರೆ ಕೆಲಸ ಇದೆ, ಅದಕ್ಕಿಂತ ದೊಡ್ಡದು ಸರದಿ. ಜನಕ್ಕೆ ಇಷ್ಟು ಅರ್ಥವಾಗುತ್ತೆ. ನನ್ನ ತಕರಾರು ಬೇರೆ. ಮೆಷಿನ್ನಿಗೆ ಹಾಕುವುದಕ್ಕೆ ಮುಂಚೆ ಎತ್ತುವುದು, ಒಣಗಿಸುವುದು, ಕಟ್ಟುವುದು, ಚೀಟಿ ಅಂಟಿಸುವುದು ಅಂತ ಒಂದು ರಾಶಿ ಕೆಲಸ ಇದೆಯಲ್ಲ, ಅದನ್ನು ತೋರಿಸುವುದೇ ಇಲ್ಲ. ತೋರಿಸಿದರೆ ತಪ್ಪು ತೋರಿಸುತ್ತಾರೆ. ಕೇಸು ಕೆಡುವುದು ಜಾಸ್ತಿ ಅಲ್ಲೇ.

ಈ ಪ್ಲಾಸ್ಟಿಕ್ ಕವರನ್ನೇ ನೋಡಿ. ಇನ್‌ಸ್ಪೆಕ್ಟರ್ ರಕ್ತ ತೊಟ್ಟಿಕ್ಕುವ ಅಂಗಿಯನ್ನು ಪೆನ್ನಿನ ತುದಿಯಲ್ಲಿ ಎತ್ತಿ, ಜಿಪ್ ಇರುವ ಕವರಿಗೆ ಹಾಕಿ, ಕ್ಯಾಮೆರಾ ಮುಂದೆ ಹಿಡಿಯುತ್ತಾನೆ. ಮ್ಯೂಸಿಕ್ ಬರುತ್ತೆ. ಅಲ್ಲಿಗೆ ಆ ಅಂಗಿಯ ಕಥೆ ಮುಗಿಯಿತು! ಒದ್ದೆ ರಕ್ತ ಪ್ಲಾಸ್ಟಿಕ್‌ನೊಳಗೆ ಬೆವರುತ್ತೆ, ಬೂಷ್ಟು ಹಿಡಿಯುತ್ತೆ, ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎಯನ್ನು ಚೂರುಚೂರು ಮಾಡುತ್ತೆ. ಜುಲೈ ತಿಂಗಳಲ್ಲಿ ಮಕ್ಕಳ ಒದ್ದೆ ಯೂನಿಫಾರ್ಮ್ ಕವರಿನಲ್ಲೇ ಮರೆತು ಎರಡು ದಿನ ಬಿಟ್ಟು ತೆಗೆದವರಿಗೆ ನಾನು ಜಾಸ್ತಿ ವಿವರಿಸಬೇಕಾಗಿಲ್ಲ. ಸರಿಯಾದ ಕ್ರಮ ಅಂದರೆ ನೆರಳಲ್ಲಿ ಹರಡಿ ಒಣಗಿಸಬೇಕು, ಬಿಸಿಲಿಗೆ ಇಡಬಾರದು, ಒಂದೊಂದು ಬಟ್ಟೆಗೆ ಒಂದೊಂದು ಕಾಗದದ ಕವರು. ಮೇಲೆ ಅರಗಿನ ಸೀಲು, ಪಂಚರ ಅಂದರೆ ಸ್ಥಳದ ಸಾಕ್ಷಿಗಳ ಸಹಿ, ಚೀಟಿ. ಆ ಸೀಲಿನ ಒಂದು ಮಾದರಿಯನ್ನೂ ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬ್‌ನವರು ಪೊಟ್ಟಣ ಬಿಚ್ಚುವ ಮುಂಚೆ ಸೀಲು ಮಾದರಿಗೆ ಹೊಂದುತ್ತಾ, ದಾರಿಯಲ್ಲಿ ಯಾರಾದರೂ ಬಿಚ್ಚಿದ್ದಾರಾ ಅಂತ ಮೊದಲು ನೋಡುತ್ತಾರೆ. ಕೋರ್ಟಿನಲ್ಲಿ ಲಾಯರ್ ಹಿಡಿಯುವುದೂ ಇಲ್ಲೇ. ಒಂದು ಚೀಟಿಯ ಮೇಲಿನ ತಾರೀಖು ತಪ್ಪಿದ್ದರೆ ಸಾಕು, ಅರ್ಧ ದಿನ ಅದನ್ನೇ ಕೇಳುತ್ತಾರೆ.

ನನ್ನ ಕೆಲಸಕ್ಕೆ ಹತ್ತಿರದ್ದು ಇನ್ನೊಂದಿದೆ. ಕುಡಿದು ಗಾಡಿ ಓಡಿಸಿದವನ ರಕ್ತ ತೆಗೆಯುವಾಗ ಟಿವಿಯಲ್ಲಿ ನರ್ಸಮ್ಮ ತೋಳಿಗೆ ಸ್ಪಿರಿಟ್ ಹತ್ತಿ ಉಜ್ಜುತ್ತಾಳೆ. ಅಮ್ಮಾ ತಾಯಿ, ಸ್ಪಿರಿಟ್ ಅಂದರೇ ಆಲ್ಕೋಹಾಲು! ಆ ಪರೀಕ್ಷೆಗೆ ತೆಗೆಯುವಾಗ ಸ್ಪಿರಿಟ್ ಮುಟ್ಟಿಸುವ ಹಾಗೇ ಇಲ್ಲ. ತೆಗೆದ ರಕ್ತ ಬೂದು ಮುಚ್ಚಳದ ಟ್ಯೂಬಿಗೆ ಹೋಗಬೇಕು. ನೀವು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟಿಗೆ ಕೊಡುತ್ತೀರಲ್ಲ, ಅದೇ ಟ್ಯೂಬು. ಒಳಗೆ ಸೋಡಿಯಂ ಫ್ಲೋರೈಡ್ ಅನ್ನುವ ಬಿಳಿ ಪುಡಿ ಇರುತ್ತೆ. ಅದಿಲ್ಲದಿದ್ದರೆ ಟ್ಯೂಬಿನಲ್ಲಿ ಕೂತ ರಕ್ತವೇ ಹುಳಿ ಬಂದು, ಕುಡಿಯದವನ ರಕ್ತದಲ್ಲೂ ಆಲ್ಕೋಹಾಲ್ ಹುಟ್ಟಿಕೊಳ್ಳಬಹುದು.

ವಿಷದ ಅನುಮಾನ ಇದ್ದರೆ ಪೋಸ್ಟ್‌ಮಾರ್ಟಂನಲ್ಲಿ ಜಠರ, ಅದರಲ್ಲಿದ್ದದ್ದು, ಸಣ್ಣ ಕರುಳು, ಲಿವರ್, ಕಿಡ್ನಿಯ ತುಂಡುಗಳನ್ನು ಜಾಡಿಗೆ ಹಾಕಿ ಕಳಿಸುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಹಾಕುವುದು ಏನು ಗೊತ್ತಾ? ಉಪ್ಪುನೀರು. ಇನ್ನು ಒಂದು ಕಾಳೂ ಕರಗುವುದಿಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರು. ಆಸ್ಪತ್ರೆಯಲ್ಲಿ ಬಯಾಪ್ಸಿಗೆ ಬಳಸುವ ಫಾರ್ಮಲಿನ್ ಸುರಿದರೆ ವಿಷ ಹುಡುಕುವುದೇ ಕಷ್ಟವಾಗುತ್ತೆ. ಇದನ್ನು ಅತ್ತೆಗೆ ಹೇಳಿದ ತಪ್ಪಿಗೆ ಎರಡು ದಿನ ಅವರು ಉಪ್ಪಿನಕಾಯಿ ಮುಟ್ಟಲಿಲ್ಲ.

ಸಣ್ಣಪುಟ್ಟ ಸುಳ್ಳುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೀಲಿ ಟಾರ್ಚ್ ಬಿಟ್ಟ ಕೂಡಲೇ ರಕ್ತ ಹೊಳೆಯುವುದಿಲ್ಲ, ಕಪ್ಪಗೆ ಕಾಣುತ್ತೆ. ಹೊಳೆಯಬೇಕಾದರೆ ಲುಮಿನಾಲ್ ಅನ್ನುವ ದ್ರಾವಣ ಎರಚಬೇಕು, ಕತ್ತಲಿರಬೇಕು, ಆಗಲೂ ಸುಮಾರು ಅರ್ಧ ನಿಮಿಷದ ಹೊಳಪು ಅಷ್ಟೇ. ಆಗತಾನೆ ಬ್ಲೀಚ್ ಹಾಕಿ ತೊಳೆದ ಬಚ್ಚಲುಮನೆಯೂ ಹಾಗೇ ಹೊಳೆಯುತ್ತೆ. ಕ್ಲೋರೋಫಾರ್ಮ್ ಕರ್ಚೀಫು ಮೂಗಿಗೆ ಹಿಡಿದ ತಕ್ಷಣ ಹೀರೋಯಿನ್ ಬೀಳುವುದಿಲ್ಲ, ಬಿಡದೆ ಐದಾರು ನಿಮಿಷ ಹಿಡಿಯಬೇಕು, ಅಷ್ಟರಲ್ಲಿ ನಮ್ಮ ರಸ್ತೆಯಲ್ಲಾದರೆ ಎಲ್ಲರೂ ಗೇಟಿಗೆ ಬಂದಿರುತ್ತಾರೆ. "ಸಾವು ರಾತ್ರಿ 9.10ಕ್ಕೆ ಆಗಿದೆ" ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಮೈ ತಣ್ಣಗಾಗುವುದನ್ನು ನೋಡಿ ಅಂದಾಜು ಮಾಡುತ್ತಾರೆ, ಮೇ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನದ ಗಾಳಿಯೇ ಮೈಗಿಂತ ಬಿಸಿ ಇರುವಾಗ ಅದು ತಣ್ಣಗಾಗುವುದಾದರೂ ಹೇಗೆ?

ಅವಳಿ ಜವಳಿ ಕಥೆ ಬರೆಯುವವರಿಗೆ ಒಂದು ಬಿಟ್ಟಿ ಸಲಹೆ: ತದ್ರೂಪಿ ಅವಳಿಗಳ ಡಿಎನ್‌ಎಯನ್ನು ಸಾಮಾನ್ಯ ಪರೀಕ್ಷೆಯಲ್ಲಿ ಬೇರೆ ಮಾಡಲಾಗುವುದಿಲ್ಲ, ಆದರೆ ಬೆರಳಚ್ಚು ಬೇರೆ ಬೇರೆ. ಇಷ್ಟು ವರ್ಷದಿಂದ ಅಕ್ಕನ ಜಾಗಕ್ಕೆ ತಂಗಿಯನ್ನು ಕಳಿಸುತ್ತಿದ್ದೀರಿ, ಯಾರಿಗೂ ಇದು ಹೊಳೆಯಲಿಲ್ಲವಾ?

ಇನ್ನು ಸತ್ಯ ಹೇಳಿಸುವ ಇಂಜೆಕ್ಷನ್. ಇದರಲ್ಲಿ ನಮ್ಮ ಊರಿನ ಪಾತ್ರವೂ ಇದೆ. ಒಂದು ಕಾಲದಲ್ಲಿ ನಾರ್ಕೋ ಪರೀಕ್ಷೆ ಅಂದರೆ ಬೆಂಗಳೂರು ಅನ್ನುವ ಹಾಗಿತ್ತು, ಬೇರೆ ರಾಜ್ಯದ ಆರೋಪಿಗಳನ್ನೂ ಇಲ್ಲಿಗೇ ಕರೆತರುತ್ತಿದ್ದರು. 2010ರ ಮೇ 5ರಂದು ಸುಪ್ರೀಂ ಕೋರ್ಟ್ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲಿ, ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್ (ಸುಳ್ಳು ಪತ್ತೆ ಮೆಷಿನ್ನು), ಬ್ರೇನ್ ಮ್ಯಾಪಿಂಗ್ ಮೂರನ್ನೂ ಮಾಡುವ ಹಾಗಿಲ್ಲ ಅಂತ ಹೇಳಿತು. ಕೇಸಿನ ಹೆಸರಲ್ಲೇ ಕರ್ನಾಟಕ ಇದೆ, ಆದರೂ ಸೀರಿಯಲ್ಲಿನಲ್ಲಿ ಇವತ್ತಿಗೂ ವಿಲನ್ನಿಗೆ ಸೂಜಿ ಚುಚ್ಚಿದ ಕೂಡಲೇ ಅವನು ಕಂತು ಪೂರ್ತಿ ಒದರುತ್ತಾನೆ. ತಪ್ಪೊಪ್ಪಿಗೆಯನ್ನು ನಂಬಿ ಕೂತರೆ ಏನಾಗುತ್ತೆ ಅನ್ನುವುದಕ್ಕೆ ಡಿಎನ್‌ಎ ಪರೀಕ್ಷೆಯ ಮೊದಲ ಕೊಲೆ ಕೇಸೇ ಇದೆ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಈ ವಿಧಾನ ಕಂಡುಹಿಡಿದರು. ಆಮೇಲೆ ಅದೇ ಕಡೆಯ ಇಬ್ಬರು ಹುಡುಗಿಯರ ಕೊಲೆ ಕೇಸಿನಲ್ಲಿ ಅದು ಮೊದಲು ಮಾಡಿದ ಕೆಲಸ, ಒಂದು ಕೊಲೆಯನ್ನು ಒಪ್ಪಿಕೊಂಡಿದ್ದ ಹದಿಹರೆಯದ ಹುಡುಗನನ್ನು ಬಿಡಿಸಿದ್ದು. ಅಸಲಿ ಕೊಲೆಗಾರನಿಗೆ ಶಿಕ್ಷೆ ಆದದ್ದು 1988ರಲ್ಲಿ.

ಹಾಗಂತ ಡಿಎನ್‌ಎ ದೇವರಲ್ಲ. ಜರ್ಮನಿಯ ಒಂದು ಕಥೆ ಹೇಳುತ್ತೇನೆ, ಲ್ಯಾಬ್‌ನವಳಾದ ನನಗೆ ಇದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತೆ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಮೂರೂ ಕಡೆ, ಸುಮಾರು 40 ಅಪರಾಧಗಳ ಜಾಗದಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಾ ಹೋಯಿತು. ಕೊಲೆಯಲ್ಲೂ ಅವಳೇ, ಮನೆಗಳ್ಳತನದಲ್ಲೂ ಅವಳೇ. 2007ರಲ್ಲಿ ಹೈಲ್‌ಬ್ರಾನ್ ಅನ್ನುವ ಊರಿನಲ್ಲಿ ಒಬ್ಬಳು ಪೊಲೀಸ್ ಅಧಿಕಾರಿಯ ಕೊಲೆಯಾಯಿತು, ಅಲ್ಲೂ ಅವಳೇ. ಹುಡುಕಿಕೊಟ್ಟವರಿಗೆ 3 ಲಕ್ಷ ಯೂರೋ ಇನಾಮು ಇಟ್ಟರು. ಕೊನೆಗೆ ಒಬ್ಬ ಗಂಡಸಿನ ಗುರುತು ಪತ್ತೆಗೆ ಪರೀಕ್ಷೆ ಮಾಡಿದಾಗಲೂ ಅದೇ ಹೆಂಗಸು ಬಂದಳು ನೋಡಿ, ಆಗ ಅನುಮಾನ ಹುಟ್ಟಿತು. 2009ರಲ್ಲಿ ಗೊತ್ತಾಗಿದ್ದು ಇಷ್ಟು: ಅವಳು ಕೊಲೆಗಾರ್ತಿಯೂ ಅಲ್ಲ, ಕಳ್ಳಿಯೂ ಅಲ್ಲ. ಮಾದರಿ ಎತ್ತುವ ಹತ್ತಿ ಕಡ್ಡಿ ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದ ಹೆಂಗಸು. ಕಡ್ಡಿಗಳನ್ನು ಸ್ಟೆರೈಲ್ ಮಾಡಿದ್ದರು. ಅದರಿಂದ ರೋಗಾಣು ಸಾಯುತ್ತೆ, ಡಿಎನ್‌ಎ ಹೋಗುವುದಿಲ್ಲ. ನಾನೂ ಸಾವಿರಾರು ಹತ್ತಿ ಕಡ್ಡಿ ಪ್ಯಾಕೆಟ್ ಒಡೆದಿದ್ದೇನೆ, ಮೇಲೆ ಸ್ಟೆರೈಲ್ ಅಂತ ಬರೆದಿದ್ದರೆ ಸಾಕು ಅಂತ ನಂಬಿಕೊಂಡು.

ನಮ್ಮ ಕಡೆಗೆ ಬರೋಣ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧ ಆದರೆ ವಿಧಿವಿಜ್ಞಾನ ತಜ್ಞರು ಜಾಗಕ್ಕೆ ಬಂದು ಸಾಕ್ಷ್ಯ ಎತ್ತಬೇಕು, ಅದರ ವಿಡಿಯೋ ಆಗಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ 5 ವರ್ಷದ ಗಡುವಿದೆ. ಒಳ್ಳೆಯದೇ. ಆದರೆ ತಜ್ಞರು ಬರುವ ಮುಂಚೆ ಆ ಜಾಗದಲ್ಲಿ ಯಾರಿರುತ್ತಾರೆ? ನಾವು.

ನಿಮ್ಮ ಪತ್ರಿಕೆಯಲ್ಲೂ ದಿನಾ ಒಂದು ಸಾಲು ಬರುತ್ತೆ, "ಶ್ವಾನದಳ ಮತ್ತು ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು" ಅಂತ. ಆ ಸಾಲಿನ ಹಿಂದೆ ಏನಿರುತ್ತೆ ಅಂತ ನಾನು ಒಂದು ಸಲ ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯವರು ಧರ್ಮಸ್ಥಳಕ್ಕೆ ಹೋಗಿದ್ದಾಗ ಕಳ್ಳತನ ಆಯಿತು. ಬೆಳಗಿನ ಜಾವ ಬಸ್ಸಿಳಿದು ಬಂದು ನೋಡಿದರೆ ಗ್ರಿಲ್ಲಿನ ಬೀಗ ಒಡೆದಿದೆ, ಬೀರು ತೆರೆದಿದೆ, ಸೀರೆಗಳೆಲ್ಲ ನೆಲದ ಮೇಲೆ. ಆಂಟಿ ಅಳುತ್ತಾ ಕೂತರು. ಹತ್ತು ನಿಮಿಷ ಅತ್ತು, ಆಮೇಲೆ ಎದ್ದು ಸೀರೆ ಮಡಿಚಿಟ್ಟರು, ಕಸ ಗುಡಿಸಿದರು, ನೆಲ ಒರೆಸಿದರು, ಬೀರುವಿನ ಬಾಗಿಲನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಪೊಲೀಸ್‌ನವರು ಬರ್ತಾರೆ, ಮನೆ ಹೀಗಿದ್ದರೆ ಏನಂದುಕೊಳ್ಳುತ್ತಾರೆ ಅಂತ! ಅಷ್ಟರಲ್ಲಿ ರಸ್ತೆಯವರೆಲ್ಲ ಒಳಗೆ ಬಂದು ಹೋಗಿದ್ದರು. ನಾನೂ ಹೋಗಿದ್ದೆ.

ಹನ್ನೊಂದು ಗಂಟೆಗೆ ಬೆರಳಚ್ಚಿನವರು ಬಂದರು. ಕೈಯಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಎರಡು ಮೂರು ಡಬ್ಬಿ ಪುಡಿ, ಅಳಿಲಿನ ಬಾಲದ ಹಾಗೆ ಮೆತ್ತಗಿರುವ ಬ್ರಷ್ಷು. ಬೀರುವಿನ ಮುಂದೆ ಕೂತು ಓರೆಯಾಗಿ ಟಾರ್ಚ್ ಹಿಡಿದರು. "ಇದನ್ನ ಒರೆಸಿದ್ದು ಯಾರು?" "ನಾನೇ ಕಣಪ್ಪಾ, ಧೂಳಿತ್ತು." ಅವರು ಏನೂ ಹೇಳಲಿಲ್ಲ. ದಿನಾ ಕೇಳುವ ಉತ್ತರ ಇರಬೇಕು. ಬೀರುವಿನ ಬಾಗಿಲ ಒಳಗಡೆಯ ಕನ್ನಡಿಗೆ ಬ್ರಷ್ಷಿನ ತುದಿಯಲ್ಲಿ ಬೂದು ಪುಡಿ ಸವರಿದರು, ಒತ್ತದೆ, ಮಗುವಿಗೆ ಪೌಡರ್ ಹಚ್ಚುವ ಹಾಗೆ. ಅರಳಿ ಬಂತು ನೋಡಿ, ಒಂದು ಹೆಬ್ಬೆರಳು, ಪಕ್ಕದಲ್ಲಿ ಎರಡು ಬೆರಳು, ಗೆರೆ ಗೆರೆಯೂ ಸ್ಪಷ್ಟ. ಪಾರದರ್ಶಕ ಟೇಪು ಅಂಟಿಸಿ ಎತ್ತಿ, ಕಾರ್ಡಿನ ಮೇಲೆ ಕೂರಿಸಿ, ತಾರೀಖು ಬರೆದರು. ಆಮೇಲೆ ಮನೆಯವರದ್ದು, ಒಳಗೆ ಬಂದು ಹೋದವರದ್ದು ಎಲ್ಲರ ಹತ್ತೂ ಬೆರಳಿಗೆ ಇಂಕು ಹಚ್ಚಿ ಒತ್ತಿಸಿಕೊಂಡರು. "ಕಳುವಾಗಿದ್ದು ನಂದು, ನನ್ನ ಬೆರಳು ಯಾಕಪ್ಪಾ?" ಅಂತ ಆಂಟಿ ಕೇಳಿದರು. "ನಿಮ್ಮದನ್ನ ಲೆಕ್ಕದಿಂದ ತೆಗೆಯೋಕೆ ಅಮ್ಮಾ" ಅಂದರು. ಒಂದು ಕಂಪ್ಯೂಟರೂ ಇರಲಿಲ್ಲ, ಟಿಣ್ ಅಂತ ಸದ್ದೂ ಆಗಲಿಲ್ಲ. ಈ ವಿದ್ಯೆಗೆ ಕಲ್ಕತ್ತಾದಲ್ಲಿ 1897ರಲ್ಲೇ ಕಚೇರಿ ಶುರುವಾಗಿತ್ತು. ಇದಕ್ಕೆ ಬೇಕಾಗಿದ್ದು ಆಗಲೂ ಇಷ್ಟೇ, ಯಾರೂ ಒರೆಸದ ಒಂದು ಕನ್ನಡಿ.

ಎರಡು ವಾರ ಆದ ಮೇಲೆ ಒಬ್ಬ ಕಾನ್‌ಸ್ಟೆಬಲ್ ಬಂದು, ನಗು ತಡೆದುಕೊಂಡು ಹೇಳಿದರು. ಆ ಕನ್ನಡಿಯ ಮೇಲಿದ್ದ ಹೆಬ್ಬೆರಳು ನಂದು. 26 ವರ್ಷ ಗ್ಲೌಸ್ ಹಾಕಿಕೊಂಡು ಕೆಲಸ ಮಾಡಿದವಳು, ಅವತ್ತು "ಅಯ್ಯೋ, ಏನೇನು ಹೋಯ್ತು" ಅಂತ ಬಗ್ಗಿ ನೋಡುವಾಗ ಬರಿಗೈಯಲ್ಲಿ ಬಾಗಿಲು ಹಿಡಿದಿದ್ದೆ.

ಕಳ್ಳ ಸಿಗಲಿಲ್ಲ. ನಮ್ಮತ್ತೆ ಮಾತ್ರ ಮನೆಗೆ ಯಾರೇ ಬಂದರೂ, ಸೀರಿಯಲ್ ಬ್ರೇಕಿನಲ್ಲಿ, ವಾಲ್ಯೂಮ್ ಕಮ್ಮಿ ಮಾಡಿ ಹೇಳುತ್ತಾರೆ: "ನಮ್ಮ ಸೊಸೆ ಬೆರಳಚ್ಚು ಪೊಲೀಸರ ಹತ್ರ ಇದೆ."

— ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ತ್ಯಾಗರಾಜನಗರ, ಬೆಂಗಳೂರು